ಘಟ್ಟದ ಮೇಲೊಂದು ಸಮುದ್ರ

ಬೇಸಿಗೆ ರಜೆ ಬಂತೆಂದರೆ ನಮ್ಮ ಮಲೆನಾಡಿನ ಮನೆಗಳಿಗೆ ಜೀವ ಬರುತ್ತದೆ. ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ, ಒಳಗೆ ಮಾವಿನಹಣ್ಣಿನ ಪರಿಮಳ, ಜಗುಲಿಯ ತುಂಬ ಮೊಮ್ಮಕ್ಕಳ ಗದ್ದಲ. ಉಳಿದ ಹತ್ತು ತಿಂಗಳು ನಾನು ಮತ್ತು ನನ್ನ ಹೆಂಡತಿ ಇಬ್ಬರೇ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತಿರುವ ಶಿರಸಿಯ ಈ ಮನೆ, ಆ ಎರಡು ತಿಂಗಳು ಮಾತ್ರ ಜಾತ್ರೆಯ ಗದ್ದುಗೆಯಂತಿರುತ್ತದೆ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ಮಗಳ ಮಗನು ಒಂದು ಮಧ್ಯಾಹ್ನ ಜಗುಲಿಯಲ್ಲಿ ಬೋರಲಾಗಿ ಮಲಗಿ, ದೊಡ್ಡದೊಂದು ಕಾಗದದ ಮೇಲೆ ಏನನ್ನೋ ಬರೆಯುತ್ತಿದ್ದನು. ಹತ್ತಿರ ಹೋಗಿ ನೋಡಿದೆ. ನಕ್ಷೆ! ಮೂವತ್ತನಾಲ್ಕು ವರ್ಷ ಯಲ್ಲಾಪುರ, ಸಿದ್ದಾಪುರ, ಶಿರಸಿ ಈ ಮೂರೂ ತಾಲೂಕುಗಳ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸಿದ ನನ್ನಂಥವನಿಗೆ ನಕ್ಷೆ ಕಂಡರೆ ಹಸಿದವನಿಗೆ ಅನ್ನ ಕಂಡ ಹಾಗೆ. ಕನ್ನಡಕ ಸರಿಪಡಿಸಿಕೊಂಡು ಬಗ್ಗಿದೆ. ಆದರೆ ಅದರಲ್ಲಿ ಏಷ್ಯಾ ಇಲ್ಲ, ಆಫ್ರಿಕಾ ಇಲ್ಲ. ಗೋಲದ ಸುತ್ತ ನಡುಪಟ್ಟಿಯಂತೆ ಒಂದೇ ಒಂದು ಕೆಂಪು ಗೋಡೆಯಂಥ ಖಂಡ. ಅದನ್ನು ಅಡ್ಡ ಕತ್ತರಿಸುವ ಒಂದು ಸಮುದ್ರಮಾರ್ಗ. ಉಳಿದದ್ದೆಲ್ಲ ನೀರು.

"ಎಂತದಾ ಮಾಣಿ ಅದು?" ಎಂದೆ.

"ಅಜ್ಜ, ನಿಂಗೆ ಗೊತ್ತಾಗ್ತಿಲ್ಲೆ. ಇದು ಕಡಲ್ಗಳ್ಳರ ಪ್ರಪಂಚ" ಎಂದನು.

ನನಗೆ ತಿಳಿಯುವುದಿಲ್ಲವೆಂದು ಯಾರಾದರೂ ಹೇಳಿದರೆ ಸುಮ್ಮನಿರುವ ಜಾಯಮಾನ ನನ್ನದಲ್ಲವೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. ಪಕ್ಕದಲ್ಲಿ ಕುಳಿತು, "ಹೇಳು, ಕೇಳ್ತೆ" ಎಂದೆ. ಆತನ ಪಾಠ ಮೂರು ದಿನ ನಡೆಯಿತು.

ಅದು 'ವನ್ ಪೀಸ್' ಎಂಬ ಜಪಾನೀ ಚಿತ್ರಕಥೆಯಂತೆ. ಐಇಚಿರೊ ಓಡಾ ಎಂಬಾತ 1997ರಲ್ಲಿ ಒಂದು ವಾರಪತ್ರಿಕೆಯಲ್ಲಿ ಬರೆಯತೊಡಗಿದ ಕಥೆ. ಕಾಲು ಶತಮಾನ ದಾಟಿದರೂ ಮುಗಿದಿರಲಿಲ್ಲ. ಹುಲ್ಲಿನ ಟೋಪಿ ಧರಿಸಿದ, ರಬ್ಬರಿನಂತೆ ಮೈ ಹಿಗ್ಗಿಸಬಲ್ಲ ಲೂಫಿ ಎಂಬ ಹುಡುಗ ಅದರ ನಾಯಕ. ಹಿಂದಿನ ಕಡಲ್ಗಳ್ಳರ ರಾಜನು ಬಿಟ್ಟುಹೋದ ನಿಧಿಯನ್ನು ಹುಡುಕುವುದೇ ಕಥೆ. ಇಷ್ಟಾದರೆ ನಾವು ಬಾಲ್ಯದಲ್ಲಿ ಓದಿದ ಸಾಹಸದ ಕಥೆಗಳಿಗಿಂತ ಬೇರೆಯೇನಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಅದರ ಭೂಗೋಳ.

ಆ ಪ್ರಪಂಚದ ಸಮುದ್ರಮಾರ್ಗದ ಎರಡೂ ಮಗ್ಗುಲಿಗೆ ಗಾಳಿಯೇ ಬೀಸದ ಎರಡು ಪಟ್ಟಿಗಳಿವೆ. ಅಲ್ಲಿಗೆ ಹೋದ ಹಾಯಿ ಹಡಗು ನಿಂತಲ್ಲೇ ನಿಲ್ಲುತ್ತದೆ, ಕೆಳಗಿನಿಂದ ದೈತ್ಯ ಜಲಚರಗಳು ಏಳುತ್ತವೆ. ನನಗೆ ಥಟ್ಟನೆ ಹೊಳೆಯಿತು: ಇದು ನಾನು ವರ್ಷವರ್ಷವೂ ಕಲಿಸುತ್ತಿದ್ದ ಅಶ್ವ ಅಕ್ಷಾಂಶ! ಭೂಮಧ್ಯರೇಖೆಯ ಎರಡೂ ಕಡೆ ಸುಮಾರು ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿ ಗಾಳಿ ಮಂದವಾಗಿ ಹಾಯಿ ಹಡಗುಗಳು ದಿನಗಟ್ಟಲೆ ಸಿಕ್ಕಿಬೀಳುತ್ತಿದ್ದ ಪಟ್ಟಿಗಳು. ಆ ಓಡಾ ಮಹಾಶಯನೂ ನಮ್ಮ ಪಠ್ಯಪುಸ್ತಕವನ್ನು ಓದಿದ್ದಾನೆ ಎನ್ನಿಸಿತು. ಇನ್ನು ದಿಕ್ಸೂಚಿಯ ಮಾತು. ಅಲ್ಲಿ ಪ್ರತಿಯೊಂದು ದ್ವೀಪಕ್ಕೂ ತನ್ನದೇ ಕಾಂತಶಕ್ತಿ ಇರುವುದರಿಂದ ನಮ್ಮ ದಿಕ್ಸೂಚಿ ಕೆಲಸಕ್ಕೆ ಬಾರದು. ಒಂದು ದ್ವೀಪದಿಂದ ಮುಂದಿನ ದ್ವೀಪದ ಸೆಳೆತವನ್ನು ಹಿಡಿದು ತೋರಿಸುವ ಬೇರೊಂದು ಉಪಕರಣ ಬೇಕು. ಆದರೆ ಆ ಮಾರ್ಗದ ಬಾಗಿಲಲ್ಲಿ ನಾಲ್ಕು ಕಡಲುಗಳ ನೀರು ಬೆಟ್ಟವನ್ನು ಹತ್ತಿ ಹೋಗುತ್ತದೆ ಎಂದಾಗ ಮಾತ್ರ ನನ್ನ ಸಹನೆ ಮೀರಿತು. "ನೀರು ಎಲ್ಲಾದರೂ ಗುಡ್ಡ ಹತ್ತುತ್ತದೆಯೇನೋ? ಉಂಚಳ್ಳಿಯಲ್ಲಿ ಅಘನಾಶಿನಿಯನ್ನು ನೋಡು, ಮಾಗೋಡಿನಲ್ಲಿ ಬೇಡ್ತಿಯನ್ನು ನೋಡು. ಇಳಿಯುತ್ತದೆಯೋ ಹತ್ತುತ್ತದೆಯೋ?" ಎಂದು ತರಗತಿಯ ದನಿಯಲ್ಲೇ ಕೇಳಿದೆ.

ಒಳಗಿನಿಂದ ನನ್ನ ಹೆಂಡತಿಯ ಧ್ವನಿ ಬಂತು: "ನಿಂಗಳ ಪುರಾಣದಲ್ಲಿ ಮೊಸರಿನ ಸಮುದ್ರ, ತುಪ್ಪದ ಸಮುದ್ರ ಎಲ್ಲ ಇದ್ದಡ. ಮಾಣಿ ಕಥೆಲಿ ನೀರಿನ ಸಮುದ್ರವಾದ್ರೂ ಇದ್ದು!"

ನಾನು ಬಾಯಿ ಮುಚ್ಚಿಕೊಂಡೆ. ಜಂಬೂದ್ವೀಪದ ಸುತ್ತ ಉಪ್ಪುನೀರು, ಅದರಾಚೆ ಮತ್ತೊಂದು ದ್ವೀಪ, ಅದರಾಚೆ ಕಬ್ಬಿನ ರಸದ ಕಡಲು, ಹೀಗೆ ಬಳೆಯೊಳಗೆ ಬಳೆಯಂತೆ ಏಳು ದ್ವೀಪ, ಏಳು ಸಮುದ್ರ. ಯಕ್ಷಗಾನದ ಅರ್ಥಗಾರಿಕೆಯಲ್ಲಿ ರಾತ್ರಿಯಿಡೀ ಅದನ್ನು ಕೇಳಿ ತಲೆದೂಗಿದ ನನಗೆ ಬೆಟ್ಟ ಹತ್ತುವ ನೀರನ್ನು ಆಕ್ಷೇಪಿಸುವ ಅಧಿಕಾರವಿತ್ತೇ?

ಹುಡುಗನು ಮುಂದುವರಿಸಿದನು. ಆ ಕಥೆಯನ್ನು ಓದುವವರು ಬರೀ ಓದುವುದಿಲ್ಲವಂತೆ; ಅದರೊಳಗೆ ಅಡಗಿರುವ ಭೂಗೋಳವನ್ನು ತಾವೇ ಶೋಧಿಸುತ್ತಾರಂತೆ. ಕೊನೆಯ ದ್ವೀಪ ಎಲ್ಲಿದೆ? ನಾಲ್ಕು ಶಿಲಾಲೇಖಗಳು ತೋರಿಸುವ ನಾಲ್ಕು ಬಿಂದುಗಳನ್ನು ನಕ್ಷೆಯ ಮೇಲಿಟ್ಟು ಗೆರೆ ಎಳೆದರೆ ಅವು ಸೇರುವಲ್ಲಿ ಅದು ಸಿಗಬೇಕು. ಆ ಕೆಂಪು ಖಂಡ ಮುಂದೊಂದು ದಿನ ಒಡೆದುಹೋಗಿ ನಾಲ್ಕೂ ಕಡಲುಗಳು ಒಂದಾಗುತ್ತವೆಯೇ? ಎಲ್ಲ ಜಾತಿಯ ಮೀನುಗಳೂ ಸಿಗುವ ಕಡಲೆಂದು ಅಡುಗೆಯವನು ಕನಸು ಕಾಣುವುದು ಅದನ್ನೇ ಏನು? ಎಲ್ಲಕ್ಕಿಂತ ಸೊಗಸಾದದ್ದು ಮುಳುಗಡೆಯ ಊಹೆ. ಆ ಪ್ರಪಂಚದಲ್ಲಿ ಯಾಕೆ ಬರೀ ದ್ವೀಪಗಳಿವೆ? ವರ್ಷವರ್ಷವೂ ತಗ್ಗುತ್ತಿರುವ, ಹಳೆಯ ಊರಿನ ಮೇಲೆ ಹೊಸ ಊರನ್ನು ಕಟ್ಟಿಕೊಂಡ ಒಂದು ಪಟ್ಟಣ ಕಥೆಯಲ್ಲಿ ಬರುತ್ತದೆ. ಅದನ್ನು ಹಿಡಿದು ಕೆಲವು ಓದುಗರು ತರ್ಕಿಸಿದರು: ಇವು ದ್ವೀಪಗಳೇ ಅಲ್ಲ, ಮುಳುಗಿಹೋದ ನಾಡಿನ ಬೆಟ್ಟದ ತಲೆಗಳು. ವರ್ಷಗಳ ತರುವಾಯ, 2024ರಲ್ಲಿ, ಕಥೆಯೊಳಗಿನ ವಿಜ್ಞಾನಿಯೊಬ್ಬನು ಸಾರಿದನು: ಪ್ರಾಚೀನ ಕಾಲದಲ್ಲಿ ಈ ಪ್ರಪಂಚದ ಸಮುದ್ರಮಟ್ಟ 200 ಮೀಟರ್ ಏರಿತ್ತು!

"ಅಂದ್ರೆ ಊಹೆ ಸರಿಯಾತು ಅಜ್ಜ!" ಎನ್ನುವಾಗ ಹುಡುಗನ ಕಣ್ಣು ಹೊಳೆಯುತ್ತಿತ್ತು. ಪಾಠ ಮಾಡುವಾಗ ಅಂಥ ಹೊಳಪನ್ನು ನಾನು ಎಷ್ಟು ಸಲ ಕಂಡಿದ್ದೇನೆಂದು ಲೆಕ್ಕ ಹಾಕಿದೆ. ಕೈಬೆರಳುಗಳು ಸಾಕಾದವು.

ಇದನ್ನೆಲ್ಲ ಕೆಲಸವಿಲ್ಲದವರ ಹರಟೆ ಎಂದು ತಳ್ಳಿಹಾಕಬಹುದು. ಆದರೆ ಆ ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ನನಗನ್ನಿಸಿತು, ನಮ್ಮ ಪಂಡಿತರು ಮಾಡಿದ್ದೂ ಇದನ್ನೇ ಅಲ್ಲವೇ? ನಮ್ಮ ಶಿರಸಿ ತಾಲೂಕಿನ ಬನವಾಸಿಯ ಹೆಸರು ಕ್ರಿಸ್ತಶಕ ಎರಡನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲಿದೆ ಎಂದು ನಾನು ಎದೆಯುಬ್ಬಿಸಿ ಪಾಠ ಮಾಡುತ್ತಿದ್ದುದು ನಿಮಗೆ ನೆನಪಿರಬಹುದು. ನಾನು ಪಾಠದಲ್ಲಿ ಹೇಳದೆ ಬಿಟ್ಟದ್ದು ಒಂದಿದೆ. ಅದೇ ಗ್ರಂಥದಲ್ಲಿ, ನಮ್ಮ ಪಶ್ಚಿಮ ಕರಾವಳಿಯ ಒಂದು ಭಾಗಕ್ಕೆ ಟಾಲೆಮಿ ಕೊಟ್ಟ ಹೆಸರು 'ಕಡಲ್ಗಳ್ಳರ ನಾಡು'! ಅದರ ಬಂದರುಗಳ ಪಟ್ಟಿಯಿದೆ. ಒಳನಾಡಿನಲ್ಲಿ ಆ ಕಳ್ಳರಿಗೆ ಎರಡು ಪಟ್ಟಣಗಳಿದ್ದವೆಂದೂ, ಮೌಸೊಪಲ್ಲೆ ಎಂಬುದು ಅವರ ರಾಜಧಾನಿಯೆಂದೂ ಬರೆದಿದ್ದಾನೆ. ಪಲ್ಲೆ ಎಂದರೆ ನಮ್ಮ ಹಳ್ಳಿಯೇ ಇರಬೇಕೆಂದು ನನ್ನ ಊಹೆ. ಆ ರಾಜಧಾನಿ ಎಲ್ಲಿತ್ತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಟಾಲೆಮಿ ಅಲೆಗ್ಸಾಂಡ್ರಿಯಾದಲ್ಲಿ ಕುಳಿತು ನಾವಿಕರೂ ವ್ಯಾಪಾರಿಗಳೂ ಹೇಳಿದ ದೂರಗಳನ್ನು ಅಕ್ಷಾಂಶ ರೇಖಾಂಶಗಳಾಗಿ ಪರಿವರ್ತಿಸಿದವನು. ಹಾಗಾಗಿ ಆತನ ಭಾರತಕ್ಕೆ ದಕ್ಷಿಣದ ಚೂಪೇ ಇಲ್ಲ, ತಟ್ಟೆಯಂತೆ ಚಪ್ಪಟೆ. ಸಿಂಹಳವೋ ಇರಬೇಕಾದುದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದಕ್ಕೂ ಹಿಂದಿನ, ಮೊದಲನೆಯ ಶತಮಾನದ 'ಪೆರಿಪ್ಲಸ್' ಎಂಬ ನೌಕಾಯಾನದ ಕೈಪಿಡಿ ನಮ್ಮ ಕಡಲತೀರದ ಕೆಲವು ದ್ವೀಪಗಳನ್ನು ಹೆಸರಿಸಿ, ಅಲ್ಲಿ ಕಡಲ್ಗಳ್ಳರಿದ್ದಾರೆಂದು ಎಚ್ಚರಿಸುತ್ತದೆ; ಆಮೇಲೆ 'ಬಿಳಿಯ ದ್ವೀಪ' ಬರುತ್ತದೆ ಎನ್ನುತ್ತದೆ. ಪಂಡಿತರು ಶುರುಮಾಡಿದರು ನೋಡಿ! ಒಂದು ದ್ವೀಪ ಅಂಜದೀವವೆಂದು ಒಬ್ಬರು, ಅಲ್ಲ ಗೋವೆಯೆಂದು ಇನ್ನೊಬ್ಬರು. ಕಾರವಾರದ ಎದುರಿನ ಬಂಡೆಗಳು ಮತ್ತೊಂದೆಂದು ಹಲವರು. ಮುರುಡೇಶ್ವರದ ಎದುರಿನ ನೇತ್ರಾಣಿಯೇ ಬಿಳಿಯ ದ್ವೀಪವೆಂದು ಕೆಲವರು. ರೋಮಿನ ಪ್ಲಿನಿಯು ಕಡಲ್ಗಳ್ಳರ ನೆಲೆಯೆಂದು ಹೇಳಿದ 'ನೈಟ್ರಿಯಾಸ್' ಸಹ ನೇತ್ರಾಣಿಯೇ, ಅಲ್ಲ, ಅದು ನೇತ್ರಾವತಿಯ ಮಂಗಳೂರು ಎಂದು ಇನ್ನೊಂದು ಜಗಳ. ಈಜಿಪ್ಟಿನ ಮರಳಿನಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನದ ತುಂಡೊಂದರಲ್ಲಿ ಅರ್ಥವಾಗದ ಮಾತುಗಳಿದ್ದಾಗ, ಅವು ಕನ್ನಡವಿರಬಹುದೆಂದು 1904ರಲ್ಲಿ ಹೇಳಿದವರು ಜರ್ಮನಿಯ ಹುಲ್ಟ್ಸ್. ಆ ಎಳೆಯನ್ನು ಹಿಡಿದು ಮುಂದೆ ಹೊರಟವರಲ್ಲಿ ನಮ್ಮ ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಇದ್ದರು. ಇವರೆಲ್ಲ ಹೆಸರಿನ ಸದ್ದು, ದೂರದ ಲೆಕ್ಕ, ಹೊಳೆಯ ಬಾಯಿ ಇವನ್ನು ಹಿಡಿದು ಕಾಣದ ನಾಡನ್ನು ಕಟ್ಟಿದವರು. ನನ್ನ ಮೊಮ್ಮಗ ಮಾಡುತ್ತಿರುವುದೂ ಅದನ್ನೇ. ವ್ಯತ್ಯಾಸವೆಂದರೆ ಪಂಡಿತರಿಗೆ ಸರಿಯುತ್ತರ ಹೇಳುವ ಓಡಾ ಒಬ್ಬನಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ನಾನೇ ಹುಡುಗನನ್ನು ಕರೆದೆ. "200 ಮೀಟರ್ ಎಂದೆಯಲ್ಲ, ಅದನ್ನು ನಮ್ಮ ಜಿಲ್ಲೆಯ ಮೇಲೆ ಮಾಡಿ ನೋಡೋಣವೇ?" ಎಂದೆ. ಸರ್ವೇ ಆಫ್ ಇಂಡಿಯಾದ ನಕ್ಷೆಗಳಲ್ಲಿ ಸಮಾನ ಎತ್ತರದ ಜಾಗಗಳನ್ನು ಕೂಡಿಸುವ ಕಂದು ಗೆರೆಗಳಿರುತ್ತವೆ. ನೂರು ಮೀಟರಿಗೊಂದು ದಪ್ಪ ಗೆರೆ. ಅಳಿಯನು ಅವನ್ನು ಮುದ್ರಿಸಿ ತಂದುಕೊಟ್ಟನು. ಹಾಳೆಗಳನ್ನು ಅಂಟಿಸಿ, 200ರ ಗೆರೆಯ ಕೆಳಗಿನದಕ್ಕೆಲ್ಲ ಮೊಮ್ಮಗನು ನೀಲಿ ಬಣ್ಣ ಬಳಿಯತೊಡಗಿದನು. ಕಾರವಾರ ಹೋಯಿತು, ಅಂಕೋಲೆ ಹೋಯಿತು, ಗೋಕರ್ಣ, ಕುಮಟೆ, ಹೊನ್ನಾವರ, ಭಟ್ಕಳ ಎಲ್ಲ ನೀರು. 1510ರಲ್ಲಿ ಅಲ್ಬುಕರ್ಕನನ್ನು ಗೋವೆಯ ಮೇಲೆ ಎತ್ತಿಕಟ್ಟಿದ, ಪೋರ್ಚುಗೀಸರು ತಿಮೋಜನೆಂದು ಕರೆದ ಆ ಹೊನ್ನಾವರದ ಕಡಲ ಸರದಾರನ ಬಂದರೂ ಮುಳುಗಿತು. ಸುಮಾರು 590 ಮೀಟರ್ ಎತ್ತರದ ನಮ್ಮ ಶಿರಸಿ ಮಾತ್ರ ಕ್ಷೇಮ! ದೇವಿಮನೆ ಘಟ್ಟದ ಬುಡದಲ್ಲಿ ತೆರೆ ಅಪ್ಪಳಿಸುತ್ತಿತ್ತು. "ಅಡಿಕೆಯನ್ನು ಇನ್ನು ನೇರವಾಗಿ ಹಡಗಿಗೇ ತುಂಬಬಹುದು" ಎಂದು ಹೆಂಡತಿ ನಕ್ಕಳು.

ಇದು ಕೇವಲ ಆಟವೂ ಅಲ್ಲವೆಂದು ಹುಡುಗನಿಗೆ ಹೇಳಿದೆ. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗವು ತುತ್ತತುದಿಯಲ್ಲಿದ್ದಾಗ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಂದು ತೀರವು ಎಷ್ಟೋ ದೂರ ಪಶ್ಚಿಮಕ್ಕಿತ್ತು. ಈಗ ದೋಣಿಯಲ್ಲಿ ಹೋಗಬೇಕಾದ ನೇತ್ರಾಣಿ ಅಂದು ಬಯಲಿನ ನಡುವಿನ ಒಂದು ಗುಡ್ಡ. ನಿನ್ನ ಓಡಾ ಹೇಳಿದ್ದು ನಮ್ಮ ಕಡಲಿನಲ್ಲೇ ನಡೆದಿದೆ, ಮಾಣಿ!

"ಇನ್ನೂ ಏರಿಸನ" ಎಂದು ಆತ 400ರ ಗೆರೆಯವರೆಗೆ ನೀಲಿ ಬಳಿದನು. ಈಗ ಕಡಲು ಕಣಿವೆಗಳೊಳಗೆ ನುಗ್ಗಿತು. ಬೇಡ್ತಿಯ ಕಮರಿಯಲ್ಲಿ ಒಂದು ನೀಲಿ ನಾಲಿಗೆ, ಅಘನಾಶಿನಿಯ ಕಮರಿಯಲ್ಲೊಂದು, ದಕ್ಷಿಣಕ್ಕೆ ಶರಾವತಿಯದೊಂದು. ಬೇಡ್ತಿಯಾಚೆ ಯಲ್ಲಾಪುರದ ನೆಲ, ಬೇಡ್ತಿ ಅಘನಾಶಿನಿಗಳ ನಡುವೆ ಶಿರಸಿ, ಅಘನಾಶಿನಿ ಶರಾವತಿಗಳ ನಡುವೆ ಸಿದ್ದಾಪುರ. ಮೂರು ಬೆರಳುಗಳಂತೆ ಕಡಲಿಗೆ ಚಾಚಿದ ಮೂರು ನಾಡುಗಳು.

ನನ್ನ ಕೈ ನಡುಗಿತು. ಈ ನಕ್ಷೆಯನ್ನು ನಾನು ಹಿಂದೊಮ್ಮೆ ನೋಡಿದ್ದೆ.

1987. ಸಿದ್ದಾಪುರದ ಕಡೆಯ ಒಂದು ಹೈಸ್ಕೂಲು. ನಾನು ಮೂವತ್ತರ ತರುಣ, ಬಿ.ಎಡ್. ಮುಗಿಸಿ ಕೆಲವೇ ವರ್ಷಗಳಾಗಿದ್ದವು. ಶಿಸ್ತೇ ಶಿಕ್ಷಣವೆಂದು ನಂಬಿದ್ದ ಕಾಲ. ಒಂದು ಬಿಡುವಿನ ಪೀರಿಯಡ್ಡಿನಲ್ಲಿ ಒಂಬತ್ತನೆಯ ತರಗತಿಗೆ ಸ್ಟೀವನ್‌ಸನ್ನನ 'ಟ್ರೆಷರ್ ಐಲ್ಯಾಂಡ್' ಕಥೆಯನ್ನು ಹೇಳಿದ್ದೆ. 1881ರಲ್ಲಿ ಮಳೆಗೆ ಮನೆಯೊಳಗೆ ಸಿಕ್ಕಿಬಿದ್ದಿದ್ದಾಗ ಸ್ಟೀವನ್‌ಸನ್ ಮಲಮಗನೊಂದಿಗೆ ಕುಳಿತು ಮೊದಲು ದ್ವೀಪದ ನಕ್ಷೆಯನ್ನು ಬರೆದನೆಂದೂ, ಆ ನಕ್ಷೆಯಿಂದಲೇ ಕಥೆ ಹುಟ್ಟಿತೆಂದೂ ಬಣ್ಣಿಸಿದ್ದೆ. ಮಕ್ಕಳು ಬಾಯಿ ತೆರೆದು ಕೇಳಿದ್ದರು.

ಎರಡು ವಾರ ಕಳೆದಿರಬೇಕು. ಭಾರತದ ಮಣ್ಣುಗಳ ಪಾಠ ನಡೆಯುತ್ತಿತ್ತು. ಕೊನೆಯ ಬೆಂಚಿನ ಹುಡುಗನೊಬ್ಬನು ತಲೆ ತಗ್ಗಿಸಿ ನೋಟುಪುಸ್ತಕದ ಹಿಂಬದಿಯಲ್ಲಿ ಏನನ್ನೋ ಗೀಚುತ್ತಿದ್ದನು. ಘಟ್ಟದಂಚಿನ ಹಳ್ಳಿಯೊಂದರಿಂದ ದಿನವೂ ನಡೆದು ಬರುತ್ತಿದ್ದ, ಹೆಚ್ಚು ಮಾತನಾಡದ ಹುಡುಗ. ಹೋಗಿ ಪುಸ್ತಕವನ್ನು ಕಿತ್ತುಕೊಂಡೆ. ಎರಡು ಪುಟಗಳಿಗೆ ಹರಡಿದ ನಕ್ಷೆ. ಎಲ್ಲದ್ವೀಪ, ಶಿರೋದ್ವೀಪ, ಸಿದ್ಧದ್ವೀಪ ಎಂದು ಮೂರು ನೆಲಗಳು, ನಡುವೆ ತೆರೆತೆರೆಯಾಗಿ ಬರೆದ ಕಡಲು, ಹಡಗುಗಳು, ಕೆಳಗಡೆ ಚುಕ್ಕಿಗೆರೆಯ ಒಂದು ವೃತ್ತ, ಅದರೊಳಗೆ ನಿಧಿಯ ಗುರುತು. ಬಹಳ ನಾಜೂಕಾಗಿತ್ತು. ಆದರೆ ಅಂದು ನನಗೆ ಕಂಡದ್ದು ಅವಿಧೇಯತೆ ಮಾತ್ರ.

"ಘಟ್ಟದ ಮೇಲೆ ಸಮುದ್ರ ಎಲ್ಲಿಂದ ಬಂತೋ? ಯಾವ ಪುಟದಲ್ಲಿದೆ ತೋರಿಸು" ಎಂದೆ.

ಆತನು ಎದ್ದು ನಿಂತು, ಮೆಲ್ಲಗೆ, "ನೀರು ಬರ್ತದೆ ಸರ್" ಎಂದನು.

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ನಕ್ಕು, ಆ ಎರಡು ಪುಟಗಳನ್ನು ಎಲ್ಲರ ಎದುರಿಗೆ ನಾಲ್ಕು ಚೂರಾಗಿ ಹರಿದು ಕಿಟಕಿಯಿಂದ ಹೊರಗೆ ಎಸೆದೆ. ಹುಡುಗ ಅಳಲಿಲ್ಲ. ಕುಳಿತುಕೊಂಡನು, ಅಷ್ಟೇ. ಆ ವರ್ಷ, ಮುಂದಿನ ವರ್ಷ, ನನ್ನ ಪಾಠದಲ್ಲಿ ಆತ ಮತ್ತೆ ಬಾಯಿ ತೆರೆದದ್ದಿಲ್ಲ. ಹತ್ತನೆಯ ತರಗತಿಯ ತರುವಾಯ ಹೋಟೆಲ್ ಕೆಲಸಕ್ಕೆಂದು ಊರು ಬಿಟ್ಟನೆಂದು ಕೇಳಿದ್ದೆ. ಹೀಗೆ ಊರು ಬಿಟ್ಟವರು ನೂರಾರು. ಅವರಲ್ಲಿ ಇವನೊಬ್ಬ ಎಂದುಕೊಂಡು ಮರೆತೆ. ಮರೆತೆನೆಂದು ತಿಳಿದಿದ್ದೆ.

ಜಗುಲಿಯಲ್ಲಿ ನೀಲಿ ನಕ್ಷೆಯ ಎದುರು ಕುಳಿತಾಗ ತಿಳಿಯಿತು, ಆತ ಗೀಚಿದ್ದು ಸುಳ್ಳಾಗಿರಲಿಲ್ಲ. ಚಳಿಗಾಲದ ಬೆಳಗಿನಲ್ಲಿ ಘಟ್ಟದಂಚಿಗೆ ನಿಂತವರಿಗೆ ಗೊತ್ತು, ಅಘನಾಶಿನಿಯ ಕಣಿವೆಯ ತುಂಬ ಮಂಜು ಹಾಲಿನಂತೆ ತುಂಬಿ, ಗುಡ್ಡದ ನೆತ್ತಿಗಳಷ್ಟೇ ದ್ವೀಪಗಳಂತೆ ತೇಲುತ್ತವೆ. ಶಾಲೆಗೆ ನಡೆದು ಬರುವ ಹುಡುಗ ಆ ಕಡಲನ್ನು ದಿನವೂ ಕಂಡಿದ್ದನು. ಮಂಜಿನ ಅಂಚನ್ನು ಹಿಡಿದು ಗೆರೆ ಎಳೆದಿದ್ದನು. ಸಮಾನ ಎತ್ತರದ ಗೆರೆಯೆಂದರೆ ಅದೇ ತಾನೇ? ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬಿಡಿಸಿದರೂ ಅರ್ಥಮಾಡಿಸಲಾಗದ ಪಾಠವನ್ನು ಆತ ತಾನಾಗಿ ಕಲಿತಿದ್ದನು. ನಾನು ಹರಿದದ್ದು ನನ್ನ ವೃತ್ತಿಜೀವನದಲ್ಲಿ ವಿದ್ಯಾರ್ಥಿಯೊಬ್ಬ ಬರೆದ ಅತ್ಯುತ್ತಮ ನಕ್ಷೆಯನ್ನು.

ಮೊಮ್ಮಗನಿಗೆ ಎಲ್ಲವನ್ನೂ ಹೇಳಿದೆ. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಅವರಿಗೆ ಸಾರಿ ಹೇಳಿದ್ಯಾ ಅಜ್ಜ?" ಎಂದು ಕೇಳಿದನು. ಈ ಪ್ರಶ್ನೆಗೆ ಯಾವ ಪಠ್ಯದಲ್ಲೂ ನನಗೆ ಉತ್ತರ ಸಿಗಲಿಲ್ಲ.

ಮೂರನೆಯ ದಿನ ಸಿದ್ದಾಪುರದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಸ್ವಲ್ಪ ನಡಿಗೆ. ಮನೆಯಲ್ಲಿ ಆತನ ಅಣ್ಣನಿದ್ದರು. ನನ್ನ ಗುರುತು ಹಿಡಿದು ಬೆಲ್ಲ ನೀರು ಕೊಟ್ಟರು. ತಮ್ಮ ಗೋವೆಯಲ್ಲಿ ಸಣ್ಣದೊಂದು ಕ್ಯಾಂಟೀನು ನಡೆಸುತ್ತಿದ್ದಾನೆ, ಮಕ್ಕಳು ಓದುತ್ತಿದ್ದಾರೆ ಎಂದರು. ಮಾತಿನ ನಡುವೆ ಆ ಅಣ್ಣ ಸಹಜವಾಗಿ ಹೇಳಿದ ಒಂದು ಸಂಗತಿ ನನ್ನನ್ನು ಕುಳಿತಲ್ಲೇ ಕಲ್ಲಾಗಿಸಿತು. "ನಾವು ಮೂಲ ಈ ಊರಿನವರಲ್ಲ ಸರ್. ಮುಳುಗಡೆಯವರು. ಅಪ್ಪ ಸಣ್ಣವರಿರುವಾಗ ಅಜ್ಜ ಶರಾವತಿ ಹೊಳೆ ದಡದಿಂದ ಎದ್ದು ಇಲ್ಲಿ ನೆಂಟರ ಹತ್ತಿರ ಬಂದದ್ದು."

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರದ ಕಡೆಯ ಊರೂರುಗಳೇ ಹಿನ್ನೀರಿನಡಿ ಹೋದವು. ಗುಡ್ಡದ ತಲೆಗಳು ನಿಜಕ್ಕೂ ನಡುಗಡ್ಡೆಗಳಾದವು. 1948ರಲ್ಲಿ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಕಡುಬೇಸಿಗೆಯಲ್ಲಿ ನೀರು ಇಳಿದಾಗ ಇಂದಿಗೂ ತಲೆಯೆತ್ತುತ್ತದೆ. ಇದನ್ನೆಲ್ಲ ನಾನು 'ವಿವಿಧೋದ್ದೇಶ ನದಿ ಕಣಿವೆ ಯೋಜನೆಗಳು' ಎಂಬ ಪಾಠದಲ್ಲಿ, ಇಷ್ಟು ವಿದ್ಯುತ್ತು, ಇಷ್ಟು ಎತ್ತರ ಎಂದು ಐದು ಅಂಕದ ಉತ್ತರವಾಗಿ ಬರೆಯಿಸುತ್ತಿದ್ದೆ. ಯಲ್ಲಾಪುರದಲ್ಲಿದ್ದಾಗ ಕಾಳಿಯ ಅಣೆಕಟ್ಟುಗಳನ್ನೂ ಹಾಗೆಯೇ ಬರೆಯಿಸಿದೆ. ಬೇಡ್ತಿಗೆ ಅಣೆಕಟ್ಟು ಬರುತ್ತದೆಂದಾಗ ನಮ್ಮ ಭಾಗದ ತೋಟಿಗರೆಲ್ಲ ಎದ್ದುನಿಂತರು, ಯೋಜನೆ ನಿಂತಿತು, ನಮ್ಮ ತೋಟಗಳು ಉಳಿದವು. ಉಳಿಯದವರ ಮಗು ನನ್ನ ಕೊನೆಯ ಬೆಂಚಿನಲ್ಲಿ ಕುಳಿತಿತ್ತೆಂಬುದು ನನಗೆ ತಿಳಿದಿರಲಿಲ್ಲ. ಕೇಳಿರಲೂ ಇಲ್ಲ. ಘಟ್ಟದ ಮೇಲೆ ನೀರು ಬರುತ್ತದೆಯೇ ಎಂದು ಆತನಿಗೆ ನಾನು ಪಾಠ ಹೇಳಹೊರಟಿದ್ದೆ!

ಅಣ್ಣನಿಂದ ನಂಬರು ತೆಗೆದುಕೊಂಡು ಬಂದವನು ಎರಡು ದಿನ ಫೋನು ಮಾಡಲಿಲ್ಲ. ಧೈರ್ಯ ಬರಲಿಲ್ಲ. ಮೂರನೆಯ ದಿನ ಸಂಜೆ ಮೊಮ್ಮಗನೇ ಫೋನು ಒತ್ತಿ ಕೈಗೆ ಕೊಟ್ಟನು.

ಐವತ್ತು ದಾಟಿದ ಮನುಷ್ಯನನ್ನು ನೀನು ಎನ್ನಲೋ ನೀವು ಎನ್ನಲೋ ತಿಳಿಯದೆ ತೊದಲಿದೆ. ನನ್ನ ಹೆಸರು ಹೇಳಿದೊಡನೆ, "ಓ ಸರ್, ಆರಾಮಿದ್ದೀರಾ?" ಎಂದು ಆತ ಸಂಭ್ರಮಿಸಿದನು. ಹಿನ್ನೆಲೆಯಲ್ಲಿ ಲೋಟಗಳ ಸದ್ದು ಕೇಳುತ್ತಿತ್ತು. ನಕ್ಷೆಯ ವಿಷಯ ತೆಗೆದೆ. ತಪ್ಪಾಯಿತೆಂದೆ.

"ಬಿಡಿ ಸರ್, ಯಾವ ಕಾಲದ ಕಥೆ! ನನಗೆ ನೆನಪೂ ಇಲ್ಲ" ಎಂದು ನಕ್ಕನು.

ನನಗೆ ಸಮಾಧಾನವೂ ಆಯಿತು, ಒಳಗೊಳಗೇ ಸ್ವಲ್ಪ ನಿರಾಸೆಯೂ ಆಯಿತು. ಮೊಮ್ಮಗನು ಬಳಿದ ನೀಲಿ ನಕ್ಷೆಯ ವಿಷಯ ಹೇಳಿ, "ನೀನು ಬರೆದ ಹಾಗೆಯೇ ಮೂರು ದ್ವೀಪಗಳು ಬಂದಿವೆ" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೋಟಗಳ ಸದ್ದು ದೂರವಾಯಿತು; ಎದ್ದು ಹೊರಗೆ ಬಂದಿರಬೇಕು.

"ಮೂರಲ್ಲ ಸರ್, ನಾಲ್ಕು" ಎಂದನು. "ಕೆಳಗೆ ಚುಕ್ಕಿ ಹಾಕಿದ್ದೆನಲ್ಲ, ಅದು ನೀರಿನ ಒಳಗಿನದು. ನಮ್ಮ ಅಜ್ಜನ ಊರು. ನಿಧಿ ಇದ್ದದ್ದು ಅಲ್ಲಿ."

ನನ್ನಿಂದ ಉತ್ತರ ಹೊರಡಲಿಲ್ಲ. ಆತನೇ ಮಾತು ಬದಲಿಸಿ, ಮಳೆಗಾಲದೊಳಗೆ ಊರಿಗೆ ಬರುವವನಿದ್ದೇನೆ, ಬಂದಾಗ ಶಿರಸಿಗೆ ಬರುತ್ತೇನೆ ಎಂದನು. ಹೇಳಿದಂತೆ ಬಂದನು ಕೂಡ. ಜಗುಲಿಯಲ್ಲಿ ಕುಳಿತು ಮೊಮ್ಮಗನ ಪೆನ್ಸಿಲು ತೆಗೆದುಕೊಂಡು, ಶರಾವತಿಯ ಹಿನ್ನೀರಿನ ನೀಲಿಯ ಮೇಲೆ ಒಂದೊಂದೇ ಚುಕ್ಕಿಯಿಟ್ಟು ಸಣ್ಣದೊಂದು ವೃತ್ತ ಮಾಡಿದನು. ಅಜ್ಜ ಹೇಳುತ್ತಿದ್ದ ಗುರುತುಗಳನ್ನು ನೆನಪಿಸಿಕೊಂಡು ಇಲ್ಲಿ ದೇವಸ್ಥಾನ, ಇಲ್ಲಿ ಕೆರೆ, ಇಲ್ಲಿ ಮನೆ ಎಂದು ತೋರಿಸಿದನು. ಆತನೂ ಆ ಊರನ್ನು ಕಣ್ಣಾರೆ ಕಂಡವನಲ್ಲ. ಮೊಮ್ಮಗನು ಬಿಟ್ಟಬಾಯಿ ಬಿಟ್ಟಂತೆಯೇ ಕೇಳಿದನು. ಊಟಕ್ಕೆ ಎಲೆ ಹಾಕಿದ್ದೇನೆಂದು ಹೆಂಡತಿ ಮೂರು ಸಲ ಕರೆಯಬೇಕಾಯಿತು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಈಗ ತಂದೆ ತಾಯಿಯರು, ಕೆಲವರು ನನ್ನಂತೆಯೇ ಶಿಕ್ಷಕರು. ನಿಮ್ಮ ಮನೆಯ ಮಗು ಇಲ್ಲದ ನಾಡಿನ ನಕ್ಷೆಯನ್ನು ಬರೆಯುತ್ತಿದ್ದರೆ, ಕಾಣದ ಕಡಲಿನ ಬಗ್ಗೆ ವಾದಿಸುತ್ತಿದ್ದರೆ, ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುವ ಮೊದಲು ಪಕ್ಕದಲ್ಲಿ ಕುಳಿತು, ಇದು ಯಾವ ಊರು ಎಂದು ಕೇಳಿ. ನಾನು ಅಂದು ಕೇಳಬೇಕಾಗಿದ್ದುದು ಅಷ್ಟೇ. ನಿಮ್ಮಲ್ಲಿ ಯಾರ ನಕ್ಷೆಯನ್ನಾದರೂ, ಯಾರ ಮಾತನ್ನಾದರೂ ನಾನು ಹೀಗೆ ಹರಿದು ಹಾಕಿದ್ದರೆ, ಈ ವಯಸ್ಸಿನಲ್ಲಿ ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ. ಶಿರಸಿಯ ಕಡೆ ಬಂದಾಗ ಮನೆಗೆ ಬನ್ನಿ. ನಕ್ಷೆ ಜಗುಲಿಯ ಗೋಡೆಯ ಮೇಲಿದೆ. ಅದರಲ್ಲಿ ಇನ್ನೂ ಜಾಗವಿದೆ.